ಕಾಮಾಲೆಯ ಸರ್ಟಿಫಿಕೇಟು

ಸಾಸಿವೆ ಸಿಡಿಯುತ್ತಿದೆ, ಒಂದು, ಎರಡು, ಆಮೇಲೆ ಲೆಕ್ಕವಿಲ್ಲದಷ್ಟು, ಒಗ್ಗರಣೆಯ ಸದ್ದು ಈ ಮನೆಯಲ್ಲಿ ಕೇಳಿ ಏಳು ತಿಂಗಳಾಯಿತಲ್ಲ ಎಂದುಕೊಂಡ ಜಯಸಿಂಹ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಕೈ ಮೂರನೆಯ ಗುಂಡಿಯ ಹತ್ತಿರ ನಿಂತಿತು, ಇಂಗು, ಕರಿಬೇವು, ಕಾದ ಎಣ್ಣೆ, ಈ ವಾಸನೆ ಪಕ್ಕದ ಮನೆಗೂ ಹೋಗುತ್ತದೆ, ಹೋಗಲಿ ಬಿಡು, ಇವತ್ತಿಗೆ ಕಾಮಾಲೆ ವಾಸಿಯಾಯಿತು, ಸರ್ಟಿಫಿಕೇಟಿನಲ್ಲೇ ಬರೆದಿದೆ. ಬಾರದೇ ಇದ್ದ ಕಾಮಾಲೆ ವಾಸಿಯಾಗುವುದಕ್ಕೆ ಏಳು ತಿಂಗಳು ಬೇಕಾಯಿತು. ಬಂದದ್ದು ಬೇರೆ, ಅದರ ಹೆಸರು ಹೇಳಲು ಅವನಿಗೆ ಈಗಲೂ ಬಾಯಿ ಬರುವುದಿಲ್ಲ, ಡಾಕ್ಟರು ಡಿಪ್ರೆಶನ್ನು ಅಂದರು, ಹೆಂಡತಿ ಸೀತಾಲಕ್ಷ್ಮಿ ಅದನ್ನು ಬೇಜಾರು ಎಂದು ತಿಳಿದಳು, ಬೇಜಾರಾದರೆ ಅದಕ್ಕೊಂದು ಕಾರಣ ಇರಬೇಕಲ್ಲ, ಅವನಿಗೆ ಕಾರಣವೇ ಇರಲಿಲ್ಲ, ಅದೇ ನಾಚಿಕೆ, ಕೆಲಸವಿದೆ, ಹೆಂಡತಿಯಿದ್ದಾಳೆ, ಮಗಳು ಹೈಸ್ಕೂಲಿನಲ್ಲಿದ್ದಾಳೆ, ಜಯನಗರದ ಮೂರನೇ ಬ್ಲಾಕಿನಲ್ಲಿ ಗಾಳಿ ಬೆಳಕಿನ ಮನೆ, ಆದರೂ ಧನುರ್ಮಾಸದ ಒಂದು ಸೋಮವಾರ ಹಾಸಿಗೆಯಲ್ಲಿ ಎದ್ದು ಕೂತವನು ಕಾಲನ್ನು ನೆಲಕ್ಕೆ ಇಡಲಾರದೆ ಹಾಗೇ ಕೂತ, ಮಧ್ಯಾಹ್ನದವರೆಗೆ ಕೂತ, ಕಣ್ಣಿನಲ್ಲಿ ನೀರು ಸುಮ್ಮನೆ ಸುರಿಯುತ್ತಿತ್ತು. ಬಸವನಗುಡಿಯ ಡಾಕ್ಟರು ಅವನ ಅಪ್ಪನ ಕಾಲದಿಂದ ಬಲ್ಲವರು, ಪೆನ್ನು ಎತ್ತಿ ಹಿಡಿದುಕೊಂಡೇ ಹೇಳಿದರು, ಇದ್ದದ್ದು ಇದ್ದ ಹಾಗೆ ಬರೆದರೆ ರಿಟೈರ್ ಆಗೋವರೆಗೂ ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಕೂತಿರುತ್ತೆ ಕಣ್ರೀ, ಪ್ರಮೋಷನ್ನಿಗೂ ಅಡ್ಡ, ನಾಳೆ ಮಗಳ ಮದುವೆಗೂ ಅಡ್ಡ, ಕಾಮಾಲೆ ಅಂತ ಬರೀತೀನಿ, ಮರ್ಯಾದಸ್ಥರ ಕಾಯಿಲೆ. ಹಾಗೆ ಮನೆಗೆ ಕಾಮಾಲೆ ಬಂದು ಕೂತಿತು, ಎರಡು ತಿಂಗಳಾದ ಮೇಲೆ ಮರುಕಳಿಸಿತು, ಆಮೇಲೆ ಲಿವರ್ ಊದಿಕೊಂಡಿತು, ಎಲ್ಲ ಕಾಗದದ ಮೇಲೆ. ಕಾಮಾಲೆಯಾದವನು ಎಣ್ಣೆ ಮುಟ್ಟುವ ಹಾಗಿಲ್ಲ, ಪಕ್ಕದ ಮನೆ ಗೌರಮ್ಮನವರ ಮೂಗು ಬಲು ಚುರುಕು, ಅವರ ಮೂಗಿಗೆ ಹೆದರಿ ಸೀತಾಲಕ್ಷ್ಮಿ ಏಳು ತಿಂಗಳು ಒಗ್ಗರಣೆಯಿಲ್ಲದ ಸಾರು ಮಾಡಿದಳು, ತಾನೂ ಅದನ್ನೇ ಉಂಡಳು, ಕಾಮಾಲೆಯೆಂದೇ ನಂಬಿದ ಮಗಳಿಗೂ ಅದನ್ನೇ ಬಡಿಸಿದಳು, ಯುಗಾದಿಯ ದಿನ ಒಬ್ಬಟ್ಟು ಬೇಯಿಸಲಿಲ್ಲ, ಹುಡುಗಿ ಪಾಯಸವನ್ನೇ ಕುಡಿದು ಎದ್ದಿತು, ಆ ಹುಡುಗಿಯ ಮುಖ ನೆನೆದರೆ ಅವನಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ತಿಂಡಿ ಆರುತ್ತೆ ಬನ್ನಿ, ಎಂದು ಒಳಗಿನಿಂದ ಅವಳ ಕೂಗು. ಆಷಾಢ ಕಳೆದು ಶ್ರಾವಣಕ್ಕೆ ಹೋದರಾಗದೇ ಎಂದು ಅವಳಿಗಿತ್ತು, ರಜೆ ಆಷಾಢ ಶ್ರಾವಣ ನೋಡುತ್ತದೆಯೇ, ಇವತ್ತು ಹನ್ನೊಂದರೊಳಗೆ ಹೆಡ್ ಡ್ರಾಫ್ಟ್ಸ್‌ಮನ್ ಸೋಮಲಿಂಗಪ್ಪನವರ ಮುಂದೆ ಸರ್ಟಿಫಿಕೇಟು ಇಟ್ಟು ರಿಜಿಸ್ಟರಿಗೆ ಸಹಿ ಹಾಕದಿದ್ದರೆ ಕಾಗದ ಮೆಡಿಕಲ್ ಬೋರ್ಡಿಗೆ ಹೋಗುತ್ತದೆ, ಬೋರ್ಡಿನವರು ಕಣ್ಣು ನೋಡುತ್ತಾರೆ, ರಕ್ತ ನೋಡುತ್ತಾರೆ, ಆಮೇಲೆ ಬಣ್ಣ ಬಯಲು. ರಾಹುಕಾಲ ಒಂಬತ್ತಕ್ಕೆ ಮುಗಿಯಿತು. ಒಂಬತ್ತೂಕಾಲಿಗೆ ಅವನು ಮೆಟ್ಟಿಲು ಇಳಿದ.

ಇಳಿದವನ ಕೈಗೆ ಕೊಡೆ ಕೊಡುತ್ತಾ ಅವಳು ಹೇಳಿದ ಮಾತು ಈಗ ಅವನ ಜೊತೆಗೇ ನಡೆದು ಬರುತ್ತಿದೆ, ಒಂದು ಮಾತು ಹೇಳ್ತೀನಿ ಬೈಬೇಡಿ, ನಿಮ್ಮ ಪದ್ಮನಾಭ ಅವರಿಗೆ ಎಲ್ಲಾ ಗೊತ್ತು, ನಾನೇ ಹೇಳಿಬಿಟ್ಟೆ, ಯುಗಾದಿ ಆದಮೇಲೆ ಒಂದು ಭಾನುವಾರ, ಯಾರ ಹತ್ರಾನಾದ್ರೂ ಹೇಳದೇ ಇದ್ದಿದ್ರೆ ನಂಗೇ ಹುಚ್ಚು ಹಿಡೀತಿತ್ತು. ಬೈಯಲಿಲ್ಲ ಅವನು, ಬೈಯುವುದಕ್ಕೂ ತ್ರಾಣ ಬೇಕು, ಗೇಟು ತೆಗೆದು ನಡೆದ, ನಾಲ್ಕು ಹೆಜ್ಜೆಗೆ ಕಿವಿ ಬಿಸಿಯಾಯಿತು — ಅನಂತಪದ್ಮನಾಭನಿಗೆ ಗೊತ್ತು ಎಂದರೆ ಆಫೀಸಿಗೇ ಗೊತ್ತು, ಆ ಬಾಯಿಗೆ ಬೀಗವುಂಟೇ, ಇಪ್ಪತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತವನು, ಸೋಮಲಿಂಗಪ್ಪನವರು ಕೆಮ್ಮುವ ಹಾಗೆ ಕೆಮ್ಮಿ ಎಲ್ಲರನ್ನೂ ನಗಿಸುವವನು, ಈಗ ನನ್ನ ಅಳುವನ್ನೂ ಆಡಿ ತೋರಿಸಿರಬೇಕು. ಆಷಾಢದ ಗಾಳಿ ಪಂಚೆಯನ್ನು ಕಾಲಿಗೆ ಸುತ್ತಿಸುತ್ತಿದೆ, ಎರಡೂ ಕಡೆ ಖಾಲಿ ಸೈಟುಗಳು, ಕಲ್ಲು ನೆಟ್ಟು ನಂಬರು ಬರೆದದ್ದು, ಒಂದರಲ್ಲಿ ಎಮ್ಮೆ ಕಟ್ಟಿದ್ದಾರೆ, ಈ ರಸ್ತೆ ಹತ್ತು ವರ್ಷದ ಹಿಂದೆ ಅವನ ಮೇಜಿನ ಮೇಲೆ ಬರೀ ನಕ್ಷೆಯಾಗಿತ್ತು, ಆಗ ಇಲ್ಲಿ ಹುರುಳಿ ಬೆಳೆಯುತ್ತಿದ್ದರು. ಭಾನುವಾರ ಹನ್ನೊಂದು ಗಂಟೆಗೆ ಗೇಟಿನ ಚಿಲಕ ಸದ್ದಾಗುತ್ತಿತ್ತು, ಸಿದ್ದಾಪುರದಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದ ಪುಣ್ಯಾತ್ಮ, ಅತ್ತಿಗೆ, ಎದ್ದಿದಾನಾ ನಮ್ಮ ಸಿಂಹ ಎನ್ನುತ್ತಿದ್ದ, ಒಳಗಿನ ಕೋಣೆಯಲ್ಲಿ ಸಿಂಹ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಹೆಂಡತಿಗೆ ಕೈ ಆಡಿಸುತ್ತಿತ್ತು, ಮಲಗಿದಾರೆ ಅನ್ನು, ಮಲಗಿದಾರೆ ಅನ್ನು. ಹೋಗ್ಲಿ ಬಿಡಿ ಅತ್ತಿಗೆ, ಎಬ್ಬಿಸ್ಬೇಡಿ, ಸ್ವಲ್ಪ ಹೊತ್ತು ಕೂತು ಹೋಗ್ತೀನಿ. ಕೂತೇ ಇರುತ್ತಿದ್ದ. ರಾತ್ರಿ ನಿದ್ದೆ ಬರುತ್ತಾ ಅತ್ತಿಗೆ ಅವನಿಗೆ, ಬೆಳಗಿನ ಜಾವ ಎಚ್ಚರ ಆಗಿಬಿಡುತ್ತಾ, ಊಟ ರುಚಿ ಅನ್ಸುತ್ತಾ, ಒಂದೊಂದೇ ಕೇಳುತ್ತಿದ್ದ, ಕಂಬಳಿಯೊಳಗೆ ಇವನು ಹಲ್ಲು ಕಡಿಯುತ್ತಿದ್ದ, ಅವನಿಗ್ಯಾಕೆ ಬೇಕು ನನ್ನ ನಿದ್ದೆಯ ಸುದ್ದಿ, ಎದ್ದು ಹೋಗಬಾರದೇ. ಒಂದು ಸಲ ಇವನು ಪರದೆ ಸರಿಸಿ ನೋಡಿದ್ದ, ಕಾಫಿ ಕುಡಿದು ಆಗಿತ್ತು, ಖಾಲಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದ ಪದ್ಮನಾಭ, ಅರ್ಧ ಗಂಟೆ ಹಾಗೇ ಕೂತಿದ್ದ, ಯಾರನ್ನೂ ನಗಿಸುತ್ತಿರಲಿಲ್ಲ. ಕರೆಯಬಹುದಿತ್ತು. ಹತ್ತು ಹೆಜ್ಜೆ ದೂರ. ಎರಡು ತಿಂಗಳ ಹಿಂದೆ ಬರುವುದು ನಿಂತಿತು, ಅಬ್ಬ, ಪೀಡೆ ತೊಲಗಿತು ಎಂದು ಅವನಿಗೆ ಹಗುರವಾಗಿತ್ತು, ಹೌದು, ಹಗುರವಾಗಿತ್ತು, ಸುಳ್ಳು ಯಾಕೆ. ಇವತ್ತು ಸೀತಾಲಕ್ಷ್ಮಿ ಗೇಟಿನ ತನಕ ಬಂದು ಇನ್ನೊಂದನ್ನೂ ಹೇಳಿದಳು, ಇಂಥದ್ದು ಗುಣ ಆಗುತ್ತಾ ಅತ್ತಿಗೆ ಅಂತ ಮೂರು ಸಲ ಕೇಳಿದ್ರು ಕಣ್ರೀ, ನಮ್ಮ ಡಾಕ್ಟರ ಮನೆ ಎಲ್ಲಿ ಅಂತಾನೂ ಕೇಳಿದ್ರು, ಯಾರಿಗೋ ಬೇಕಿತ್ತಂತೆ. ಯಾರಿಗೋ. ಅವನ ಮುದಿ ತಾಯಿಗಿರಬೇಕು ಎಂದುಕೊಂಡು ಜಯಸಿಂಹ ಸೌತ್ ಎಂಡಿನ ಕಡೆ ತಿರುಗಿದ.

ನಕ್ಷೆ ಆಫೀಸು ಇರುವುದು ಬಾಡಿಗೆಯ ಹೆಂಚಿನ ಬಂಗಲೆಯಲ್ಲಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬೋರಣ್ಣ, ಬಿಳೇಕಹಳ್ಳಿಯವನು, ಪ್ಯೂನೂ ಅವನೇ, ಅಳತೆಗೆ ಹೋದಾಗ ಸರಪಳಿ ಹಿಡಿಯುವವನೂ ಅವನೇ, ಇವನನ್ನು ಕಂಡದ್ದೇ ಎದ್ದು ನಿಂತ, ಈಗ ನೋಡು, ಈಗ ನಗುತ್ತಾನೆ, ಕಣ್ಣಲ್ಲೇ ಅಂದುಬಿಡುತ್ತಾನೆ ಎಂದು ಜಯಸಿಂಹ ಕೊಡೆಯನ್ನು ಮೂಲೆಗೆ ಒರಗಿಸುವ ನೆಪದಲ್ಲಿ ತಲೆ ತಗ್ಗಿಸಿದ — ಬಂದ್ರಾ ಸಾಮಿ, ತಡೀರಿ, ಎಲ್ಲಿ ಕಣ್ ತೋರ್ಸಿ, ಎಂದವನೇ ಹೆಬ್ಬೆರಳಿನಿಂದ ಇವನ ಕೆಳರೆಪ್ಪೆಯನ್ನು ಜಗ್ಗಿದ, ಬೆಳ್ಳಗವೆ ಸಾಮಿ, ಅರಿಸಿನ ಎಲ್ಲಾ ಇಳಿದೋಗ್ಯದೆ, ನಮ್ಮೂರ ಮರಿಯಮ್ಮನ ತಾವ ಬೇರು ತಿಂದಿದ್ರೆ ಮೂರೇ ದಿನ, ನೀವು ಇಂಗ್ಲಿಷ್ ಔಸ್ತಿ ನಂಬ್ಕಂಡು ಏಳ್ ತಿಂಗ್ಳು ಮಲಗಿದ್ರಿ. ಒಳಗಿನಿಂದ ಇನ್ನಿಬ್ಬರು ಬಂದರು, ಅವರೂ ಕಣ್ಣು ನೋಡಿದರು, ಉಗುರು ನೋಡಿದರು, ಬಾಳೆಹಣ್ಣು ತಿನ್ನಿ, ಮಾಂಸ ಕಟ್ಟುತ್ತೆ ಅಂದರು. ಯಾರಿಗೂ ಗೊತ್ತಿಲ್ಲ! ಪದ್ಮನಾಭ ಬಾಯಿ ಬಿಟ್ಟಿಲ್ಲ. ಬಾಯಿ ಬಿಡದ್ದು ಒಂದು ಕಡೆ ಇರಲಿ, ಬೋರಣ್ಣ ಹೇಳಿದ್ದು ಅದಕ್ಕಿಂತ ದೊಡ್ಡದು, ಪದ್ಮನಾಬಯ್ಯೋರು ಸೋಮವಾರ ಸೋಮವಾರ ಹೇಳೋರು ಸಾಮಿ, ಈ ವಾರ ಕಣ್ಣು ಇಷ್ಟು ಅಳದಿ, ಉಗ್ರು ಇಷ್ಟು ಅಳದಿ, ಹೋದ್ ವಾರಕ್ಕಿಂತ ನಾಕಾಣೆ ವಾಸಿ ಅಂತ, ನಾವೆಲ್ಲ ಅದನ್ನ ಕೇಳಾಕೇ ಕಾಯ್ತಿದ್ವಿ. ಮುಖವನ್ನೇ ತೋರಿಸದ ಗೆಳೆಯನ ಕಣ್ಣಿಗೆ ವಾರವಾರ ಹಳದಿ ಬಳಿದು ಇಲ್ಲಿ ತಂದು ತೋರಿಸಿದ್ದಾನೆ, ಮಹರಾಯ, ಎಲ್ಲಿದ್ದಾನೆ ಅವನು, ಕಾಲು ಹಿಡಿಯಬೇಕು, ಇಲ್ಲ, ಕಾಲು ಹಿಡಿದರೆ ನಗುತ್ತಾನೆ, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಹೇಳಬೇಕು, ಪದ್ಮನಾಭ, ನಂಗೆ ಗೊತ್ತಾಯ್ತು ಕಣೋ ಎಂದು, ಅಷ್ಟು ಸಾಕು. ಕಿಟಕಿಯ ಪಕ್ಕದ ಮೇಜಿನ ಕಡೆ ನೋಡಿದ. ಕುರ್ಚಿ ಖಾಲಿಯಿತ್ತು.

ಸೋಮಲಿಂಗಪ್ಪನವರು ಸರ್ಟಿಫಿಕೇಟನ್ನು ಎರಡು ಸಲ ಓದಿ ಅದರ ಮೇಲೆ ಅಂಗೈ ಇಟ್ಟುಕೊಂಡರು, ಸಹಿ ಹಾಕಲಿಲ್ಲ, ಕೆಮ್ಮಿದರು, ಆ ಕೆಮ್ಮಿಗೆ ಜಯಸಿಂಹನಿಗೆ ಪದ್ಮನಾಭನೇ ಕೆಮ್ಮಿದಂತಾಗಿ ನಗು ಬರುವುದರಲ್ಲಿತ್ತು. ನೀವೇನೋ ಎದ್ದು ಬಂದ್ರಿ ಜಯಸಿಂಹ, ಸಂತೋಷ, ನಿಮ್ಮ ಸ್ನೇಹಿತರು ಮಲಗಿಬಿಟ್ರಲ್ರೀ, ಮೂರು ವಾರ ಆಯ್ತು, ಅವರಿಗೂ ಕಾಮಾಲೆಯಂತೆ, ನಿಮ್ಮನ್ನ ನೋಡೋಕೆ ಹೋಗಿ ಹೋಗಿ ಅಂಟಿಸ್ಕೊಂಡ್ರು ಅಂತ ಎಲ್ಲಾ ಆಡ್ಕೋತಿದಾರೆ. ಅಂಟಿಸುವುದಕ್ಕೆ ಇವನಲ್ಲಿ ಇದ್ದದ್ದಾದರೂ ಏನು, ಈ ಭೂಮಿಯ ಮೇಲೆ ಅದು ಗೊತ್ತಿರುವುದು ನಾಲ್ಕೇ ಜನಕ್ಕೆ, ಇವನಿಗೆ, ಸೀತಾಲಕ್ಷ್ಮಿಗೆ, ಡಾಕ್ಟರಿಗೆ, ಪದ್ಮನಾಭನಿಗೆ — ಮೇಜಿನ ಮೇಲೆ ಇನ್ನೊಂದು ಕಾಗದವಿತ್ತು, ತಲೆಕೆಳಗಾಗಿ ಕಂಡರೂ ಆ ನೇರಳೆ ಮೊಹರು ಇವನಿಗೆ ಗೊತ್ತು, ಆ ಗುಂಡು ಸಹಿ ಗೊತ್ತು, ಬಸವನಗುಡಿಯ ಡಾಕ್ಟರದೇ. ಸೋಮಲಿಂಗಪ್ಪನವರು ಹೇಳುತ್ತಲೇ ಇದ್ದರು, ನಂಗ್ಯಾಕೋ ನಂಬಿಕೆ ಬರ್ತಾ ಇಲ್ಲ ಕಣ್ರೀ, ಲಾಲ್‌ಬಾಗಿನ ಬಂಡೆ ಮೇಲೆ ನಮ್ಮ ಮನೆಯವರೇ ನೋಡಿದಾರೆ, ಮಟಮಟ ಮಧ್ಯಾಹ್ನ, ಒಂದಲ್ಲ ಎರಡು ದಿನ, ಸುಮ್ನೆ ಕೂತಿದ್ರಂತೆ, ನೀವು ಅನುಭವಿಸಿದೋರು, ನೀವೇ ಹೇಳಿ, ಕಾಮಾಲೆ ಆದೋನು ಹಾಗೆ ಹೋಗಿ ಬಿಸಿಲಲ್ಲಿ ಕೂರೋಕಾಗುತ್ತಾ? ಕನ್ನಡಕದ ಮೇಲಿನಿಂದ ನೋಡಿದರು. ಅಂಗೈ ಸರ್ಟಿಫಿಕೇಟಿನ ಮೇಲೇ ಇದೆ. ಇದು ಪದ್ಮನಾಭನ ಪ್ರಶ್ನೆಯೋ ನನ್ನ ಪ್ರಶ್ನೆಯೋ, ನನ್ನನ್ನೇ ಪರೀಕ್ಷೆ ಮಾಡುತ್ತಿದ್ದಾರೋ, ಆಗುತ್ತೆ ಸಾರ್ ಅಂದರೆ ನಿಮಗೂ ಆಗ್ತಿತ್ತಾ ಅನ್ನುತ್ತಾರೆ, ಗೊತ್ತಿಲ್ಲ ಅಂದರೆ ಏಳು ತಿಂಗಳು ಮಲಗಿದೋನಿಗೆ ಗೊತ್ತಿಲ್ವಾ ಅನ್ನುತ್ತಾರೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ ಹೊತ್ತು, ಬಾಯಿ ತಾನಾಗಿ ತೆರೆಯಿತು, ಎಲ್ಲಾದ್ರೂ ಸಾಧ್ಯವಾ ಸಾರ್, ಹಾಸಿಗೆ ಬಿಟ್ಟು ಏಳೋಕೇ ಆಗಲ್ಲ, ಬಚ್ಚಲಿಗೆ ಹೋಗೋಕೂ ನನ್ನನ್ನ ಒಬ್ಬರು ಹಿಡ್ಕೋಬೇಕಿತ್ತು. ಕೇಳಿದ್ದು ಒಂದು, ಹೇಳಿದ್ದು ಮೂರು. ಅದರಲ್ಲಿ ಸುಳ್ಳೂ ಇರಲಿಲ್ಲ, ಏಳಲಾಗುತ್ತಿರಲಿಲ್ಲ, ಹಿಡಿದುಕೊಳ್ಳಬೇಕಿತ್ತು, ನಿಜವನ್ನೇ ಹೇಳಿ ಇಂಥ ದ್ರೋಹ ಮಾಡಬಹುದೆಂದು ಅವನಿಗೆ ಇವತ್ತೇ ತಿಳಿದದ್ದು. ಅದನ್ನೇ ನಾನೂ ಅಂದದ್ದು, ಎಂದು ಸೋಮಲಿಂಗಪ್ಪನವರು ಪೆನ್ನಿನ ಮುಚ್ಚಳ ತೆಗೆದರು, ಇವನ ಸರ್ಟಿಫಿಕೇಟಿಗೆ ಸಹಿ ಹಾಕಿದರು, ಪಕ್ಕದ ಹಾಳೆ ಎಳೆದುಕೊಂಡು ಅದೇ ಪೆನ್ನಿನಲ್ಲಿ ಬರೆದರು, ಶ್ರೀ ಅನಂತಪದ್ಮನಾಭ ಅವರು ಗುರುವಾರ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗತಕ್ಕದ್ದು, ಸುಳ್ಳು ಸರ್ಟಿಫಿಕೇಟು ಅಂತ ಆದರೆ ಕೆಲಸಕ್ಕೆ ಸಂಚಕಾರ, ನಾನೇನೂ ಮಾಡೋಕಾಗಲ್ಲ ಅಂದರು, ಮುದ್ದಾಂ ಬೋರಣ್ಣನ ಕೈಲೇ ಕಳಿಸ್ತೀನಿ, ಹನ್ನೆರಡಕ್ಕೆ ಟಪಾಲಿನ ಜೊತೆ ಹೋಗಲಿ. ನೀವು ಅವರು ಬಿಟ್ಟುಹೋದ ಬನಶಂಕರಿಯ ಹಾಳೆ ಮುಗಿಸಿ, ಅರ್ಜೆಂಟು. ಆಗಲಿ ಸಾರ್ ಎಂದ. ಆಗಲಿ ಎಂದನಲ್ಲ!

ಪದ್ಮನಾಭನ ಕುರ್ಚಿಯಲ್ಲಿ ಕೂತಿದ್ದಾನೆ. ಹಾಳೆ ಎಂದರೆ ಹಾಳೆಯಲ್ಲ, ಟ್ರೇಸಿಂಗ್ ಬಟ್ಟೆ, ಗಂಜಿ ಹಾಕಿದ ನುಣುಪು ಬಟ್ಟೆ, ಅದರ ಮೇಲೆ ರೂಲಿಂಗ್ ಪೆನ್ನಿನಲ್ಲಿ ಇಂಡಿಯನ್ ಇಂಕಿನ ಗೆರೆ, ಬನಶಂಕರಿಯ ಹೊಸ ಬಡಾವಣೆಯ ದೊಡ್ಡ ರಸ್ತೆ, ಉದ್ದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು, ಇಬ್ಬರಿಗೂ ಒಬ್ಬರೇ ಗುರುಗಳು ಹೇಳಿಕೊಟ್ಟದ್ದು, ನಡುವೆ ಕೈ ನಿಂತಿತೋ ಇಂಕು ಅಲ್ಲಿ ಮಡುಗಟ್ಟಿ ಸಾಸಿವೆಯಷ್ಟು ಗಂಟಾಗುತ್ತದೆ. ಗೆರೆ ಎಡದಿಂದ ಬರುತ್ತದೆ, ನೆಟ್ಟಗೆ ಬರುತ್ತದೆ, ಬಂದು ನಿಲ್ಲುತ್ತದೆ. ಗಂಟು. ಇಪ್ಪತ್ತು ವರ್ಷದಲ್ಲಿ ಪದ್ಮನಾಭನ ಗೆರೆಯಲ್ಲಿ ಗಂಟು ಕಂಡವರಿಲ್ಲ. ಗಂಟನ್ನು ಬ್ಲೇಡಿನಲ್ಲಿ ಕೆರೆದು ಸೀಮೆಸುಣ್ಣದ ಪುಡಿ ತಿಕ್ಕಿ ಮುಂದುವರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಗೆರೆ ಎಳೆಯುವ ಟ್ರೇಸರನ ಕಣ್ಣಿಗೆ ಬಿಟ್ಟು, ಜಯಸಿಂಹ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ, ಕೆರೆದ ಜಾಗಗಳು ಮಾಸಲಾಗಿ ಮೂಡಿದವು, ಇಲ್ಲೊಂದು, ಅಲ್ಲೆರಡು, ಆ ಅಡ್ಡರಸ್ತೆಯಲ್ಲಿ ಐದು, ಕಪಾಟಿನಿಂದ ಹಳೆಯ ಹಾಳೆಗಳನ್ನು ತೆಗೆದ, ಏಪ್ರಿಲ್ಲಿನದು, ಮಾರ್ಚಿನದು, ಎಲ್ಲದರಲ್ಲೂ, ಮಾರ್ಚಿನಿಂದಲೂ ಅವನ ಕೈ ನಿಲ್ಲುತ್ತಿತ್ತು, ಭಾನುವಾರ ಖಾಲಿ ಲೋಟ ಹಿಡಿದು ಕೂತಾಗಲೂ ನಿಲ್ಲುತ್ತಿತ್ತು, ಹೊರಗೆ ಅವನು, ಒಳಗೆ ಕಂಬಳಿಯಡಿ ನಾನು. ನಿದ್ದೆ ಬರುತ್ತಾ ಅತ್ತಿಗೆ. ಊಟ ರುಚಿ ಅನ್ಸುತ್ತಾ. ಕೇಳುತ್ತಿದ್ದದ್ದು ಇವನ ಸುದ್ದಿಯನ್ನಲ್ಲ, ತನಗೊಂದು ದಾರಿಯನ್ನು. ಇವನದೂ ಹಾಗೇ ಆಗಿತ್ತು, ಕಾರ್ತಿಕದಲ್ಲಿ ಒಂದೇ ಹಾಳೆಯಲ್ಲಿ ಏಳು ಗಂಟು, ಕದ್ದು ಕೆರೆಯುತ್ತಿದ್ದಾಗ ಪದ್ಮನಾಭ ಹಿಂದಿನಿಂದ ಬಗ್ಗಿ ನೋಡಿ, ಯಾಕೋ ಸಿಂಹ, ಉಸಿರು ಸಾಲ್ತಾ ಇಲ್ವಾ ಎಂದಿದ್ದ, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. ಹೋಗೋ, ಪೆನ್ನು ಸರಿಯಿಲ್ಲ ಎಂದುಬಿಟ್ಟಿದ್ದ ಇವನು. ಪದ್ಮನಾಭನನ್ನು ಹಾಗೆ ಕೇಳುವವರಾದರೂ ಯಾರಿದ್ದರು, ಕೇಳಬೇಕಾದವನ ಕುರ್ಚಿ ಖಾಲಿ ಬಿದ್ದಿತ್ತು. ಹನ್ನೆರಡಕ್ಕೆ ಹತ್ತು ನಿಮಿಷ. ಎದ್ದು ಹೋಗಿ ಹೇಳಬೇಕು, ಸಾರ್, ನನಗೆ ಬಂದದ್ದೂ ಕಾಮಾಲೆಯಲ್ಲ, ಅವನಿಗೂ ಅಲ್ಲ, ಬೋರ್ಡಿಗೆ ಹಾಕುವುದಾದರೆ ಇಬ್ಬರನ್ನೂ ಹಾಕಿ, ಇಷ್ಟೇ ಮಾತು, ಮೂರು ಮಾರು ದೂರದ ಬಾಗಿಲು, ಹೇಳಿದರೆ ಸಹಿಯಾದ ಕಾಗದ ಹರಿಯುತ್ತಾರೆ, ಮಗಳ ಜಾತಕ ಹಿಡಿದು ಹೋದಲ್ಲೆಲ್ಲ ಕೇಳುತ್ತಾರೆ, ಏಳು ತಿಂಗಳ ಸಪ್ಪೆ ಸಾರು ನೀರಿನ ಪಾಲು, ಹೇಳದಿದ್ದರೆ — ಗೆರೆ ಎಡದಿಂದ ಬರುತ್ತದೆ, ನೆಟ್ಟಗೆ ಬರುತ್ತದೆ, ನಿಲ್ಲುತ್ತದೆ, ಇಲ್ಲಿಯೇ ಅವನು ಪೆನ್ನು ಎತ್ತಿದ್ದು, ಎತ್ತಿ ಕೆಳಗಿಟ್ಟು ಎದ್ದು ಹೋದದ್ದು, ಕೆರೆಯಲೂ ಇಲ್ಲ. ನೆರಳು ಬಿತ್ತು, ಬೋರಣ್ಣ, ಹೆಗಲಿಗೆ ಟಪಾಲಿನ ಚೀಲ, ಸಾಮಿ, ಪದ್ಮನಾಬಯ್ಯೋರ ಮನೆಗೇ ಹೋಯ್ತಿವ್ನಿ, ಏನಾರ ಹೇಳ್ಬೇಕಾ? ಗಂಟಲಿನಲ್ಲಿ ಇದ್ದದ್ದು ಎಷ್ಟೊಂದು, ಬಾಯಿಗೆ ಬಂದದ್ದು, ಮಜ್ಜಿಗೆ ಜಾಸ್ತಿ ಕುಡೀಲಿ ಅನ್ನು, ಕಾಮಾಲೆಗೆ ಒಳ್ಳೇದು. ಆಗ್ಲಿ ಸಾಮಿ. ಕೇಳಿಸಿಕೊಂಡವನು ಏನೆಂದುಕೊಳ್ಳುತ್ತಾನೆ, ಸಿದ್ದಾಪುರದ ಆ ಕತ್ತಲೆ ನಡುಮನೆಯಲ್ಲಿ, ಎಲ್ಲ ಗೊತ್ತಿರುವವನು, ಮೊದಲು ಮಜ್ಜಿಗೆ ಎಂದು ಕೇಳುತ್ತಾನೆ, ಆಮೇಲೆ ಕಾಗದ ಬಿಚ್ಚುತ್ತಾನೆ. ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು. ಕಿಟಕಿಯಿಂದ ಕೂಗಿದರೂ ಆದೀತು, ಬೋರಣ್ಣಾ ತಡಿ ಎಂದರೆ ಸಾಕು, ಈಗ ಕೂಗಿದರೂ ಆದೀತು, ಗೇಟಿನ ಹತ್ತಿರ ಇದ್ದಾನೆ, ಈಗಲೂ — ಕೈಯಲ್ಲಿ ಬ್ಲೇಡು ಹಿಡಿದಿದ್ದಾನೆ ಜಯಸಿಂಹ, ಕೆರೆಯಲಾರ, ಏಳಲಾರ, ಗೆರೆ ಎಡದಿಂದ ಬರುತ್ತದೆ, ನೆಟ್ಟಗೆ ಬರುತ್ತದೆ, ಗಂಟು, ಏಳಬೇಕು, ಗೆರೆ ಎಡದಿಂದ ಬರುತ್ತದೆ, ಗಂಟು, ಅದರಾಚೆ ಬರೀ ಬಟ್ಟೆ, ಎಡದಿಂದ ಬರುತ್ತದೆ, ಗಂಟು